ಕಲಘಟಗಿ ತೊಟ್ಟಿಲು: ಎರಡು ಮಕ್ಕಳು ಮಲಗಿ ಎದ್ದ ಮೇಲೆ ಬರೆದ ವಿಮರ್ಶೆ

ಕೂಸು ಮಲಗಿಸುವ ಸಾಮಾನು ಅಂತಷ್ಟೇ ಲೆಕ್ಕ ಹಾಕಿದರೆ ಕಲಘಟಗಿ ತೊಟ್ಟಿಲು ನಷ್ಟದ ಬಾಬತ್ತು. ಮಗು ಮಗ್ಗುಲಾಗಿ ಬೋರಲು ಬೀಳುವವರೆಗೆ ಮಾತ್ರ ಅದರ ಉಪಯೋಗ, ಅಂದರೆ ನಾಲ್ಕೈದು ತಿಂಗಳು. ಅಷ್ಟಕ್ಕೆ ಒಂದು ಒಳ್ಳೆಯ ಫ್ರಿಜ್ಜಿನ ದುಡ್ಡು ಕೊಡಬೇಕು. ನಮ್ಮ ಮಗಳು ಈಗ ಹೈಸ್ಕೂಲು, ಮಗ ನಾಲ್ಕನೇ ಕ್ಲಾಸು. ತೊಟ್ಟಿಲು ಇನ್ನೂ ಮನೆಯಲ್ಲೇ ಇದೆ. 'ಓಎಲ್‌ಎಕ್ಸ್‌ಗೆ ಹಾಕಿಬಿಡು, ಒಂದು ರೂಮು ಖಾಲಿಯಾಗ್ತದ' ಎಂದು ಯಜಮಾನರು ವರ್ಷಕ್ಕೊಮ್ಮೆ, ದೀಪಾವಳಿ ಸ್ವಚ್ಛತೆಯ ಹೊತ್ತಿಗೆ ಸರಿಯಾಗಿ ಹೇಳುತ್ತಾರೆ. ನಾನು ಕೇಳಿಸದವಳ ಹಾಗೆ ಇರುತ್ತೇನೆ.

ಗೊತ್ತಿಲ್ಲದವರಿಗೆ: ಕಲಘಟಗಿ ಇರುವುದು ಧಾರವಾಡ ಜಿಲ್ಲೆಯಲ್ಲಿ, ಹುಬ್ಬಳ್ಳಿಯಿಂದ ಯಲ್ಲಾಪುರ, ಕಾರವಾರದ ಕಡೆ ಹೋಗುವ ದಾರಿಯಲ್ಲಿ. ಅಂಗಡಿಗೆ ಹೋಗಿ ಇದ್ದದ್ದರಲ್ಲಿ ಒಂದನ್ನು ಎತ್ತಿಕೊಂಡು ಬರುವ ವಸ್ತು ಇದಲ್ಲ. ಮಾಡುವ ಮನೆಗಳು ಬೆರಳೆಣಿಕೆ, ಆರ್ಡರ್ ಕೊಟ್ಟು ಕಾಯಬೇಕು. ಸೀಮಂತ ಮುಗಿದ ಮೇಲೆ ಹೇಳಿದರೆ ನಾಮಕರಣಕ್ಕೆ ಸಿಗುವ ಖಾತ್ರಿಯಿಲ್ಲ. ಕಟ್ಟಿಗೆ ಸಾಗವಾನಿ. ದುಂಡು ಗೂಟಗಳಿಗೆ ಬಣ್ಣ ಹಚ್ಚುವುದನ್ನು ನಿಂತು ನೋಡಬೇಕು. ಕುಂಚ ಇಲ್ಲ, ಡಬ್ಬಿ ಇಲ್ಲ. ತಿರುಗುವ ಗೂಟಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ತಿಕ್ಕಾಟದ ಕಾವಿಗೇ ಅರಗು ಕರಗಿ ಕಟ್ಟಿಗೆಗೆ ಹತ್ತುತ್ತದೆ. ಮೇಲೆ ಕೇದಗೆಯ ಗರಿ ತಿಕ್ಕಿದರೆ ಕನ್ನಡಿಯಂಥ ಹೊಳಪು. ಸಪಾಟು ಹಲಗೆಗಳ ಮೇಲೆ ಮಾತ್ರ ಕುಂಚದ ಚಿತ್ರ. ನಮ್ಮದರ ತಲೆಯ ಕಡೆ ಆಲದೆಲೆಯ ಕೃಷ್ಣ, ಕಾಲಿನ ಕಡೆ ರಾಮನ ಪಟ್ಟಾಭಿಷೇಕ. ಅದರಲ್ಲಿ ಹನುಮಂತನ ಒಂದು ಕಣ್ಣು ತುಸು ಮೇಲಿದೆ. ಅದು ದೋಷ ಅಂತ ನಾನು ಬರೆಯುವುದಿಲ್ಲ. ಮಗಳು ಕಣ್ಣು ನಿಲ್ಲಿಸಿ ಮೊದಲು ನೋಡಿದ್ದು ಅದನ್ನೇ ಅಂತ ನನ್ನ ನಂಬಿಕೆ.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು, ತೊಟ್ಟಿಲೂ ತವರಿನದು. ಅವ್ವ ಅದನ್ನು ಬಿಚ್ಚಿಸಿ, ಹಳೆ ಕೌದಿಯಲ್ಲಿ ಸುತ್ತಿ, ಟೆಂಪೋದಲ್ಲಿ ಹಾಕಿಕೊಂಡು ತಾನೇ ಡ್ರೈವರ್ ಪಕ್ಕ ಕೂತು ಬಂದಳು. ತೊಟ್ಟಿಲಿಗೆ ಹಾಕುವ ದಿನ ಗುಂಡಕಲ್ಲಿಗೆ ಕುಂಚಿಗೆ ತೊಡಿಸಿ ತೊಟ್ಟಿಲ ಕೆಳಗಿಂದ, ಮೇಲಿಂದ ದಾಟಿಸಿದ ಮೇಲೆಯೇ ಕೂಸಿನ ಪಾಳಿ. ಆ ಲೆಕ್ಕದಲ್ಲಿ ತೊಟ್ಟಿಲ ಗಟ್ಟಿತನದ ಪರೀಕ್ಷೆಯೂ ಆದಂತಾಯಿತು!

ಇನ್ನು ತೊಂದರೆಗಳಿಗೆ ಬರೋಣ. ಮೊದಲನೆಯದು, ತೂಗು ಹಾಕುವುದು ಎಲ್ಲಿ? ಹಳೆ ಮನೆಗಳ ತೊಲೆಯಲ್ಲಿ ಕಬ್ಬಿಣದ ಬಳೆ ಇರುತ್ತಿತ್ತು. ಫ್ಲ್ಯಾಟಿನಲ್ಲಿ ಫ್ಯಾನಿನ ಕೊಕ್ಕೆ ಬಿಟ್ಟರೆ ಏನೂ ಇಲ್ಲ. ಒಂದು ಅಂಗಡಿಯಿಂದ ತಂದ ಕಬ್ಬಿಣದ ಸ್ಟ್ಯಾಂಡು ಜೋರಾಗಿ ತೂಗಿದರೆ ಒಂದು ಕಾಲು ಎತ್ತುತ್ತಿತ್ತು. ಅದನ್ನು ಅವತ್ತೇ ಹೊರಗಿಟ್ಟು, ವೆಲ್ಡಿಂಗ್‌ನವರಿಂದ ಅಗಲ ಪಾದದ್ದೊಂದು ಮಾಡಿಸಿದೆವು. ತೊಟ್ಟಿಲ ಬಜೆಟ್ಟಿನಲ್ಲಿ ಇದನ್ನೂ ಸೇರಿಸಿಕೊಳ್ಳಿ. ಎರಡನೆಯದು ಹಗ್ಗ. ನೂಲಿನ ಹಗ್ಗ ನೋಡಲು ಚೆಂದ, ಆದರೆ ಒಂದು ಕಡೆ ಜಗ್ಗಿ ಉದ್ದವಾಗುತ್ತದೆ. ತೊಟ್ಟಿಲು ವಾಲುತ್ತದೆ, ಕೂಸು ಜಾರಿ ಮೂಲೆಗೆ ಹೋಗಿ ಮುಖ ಒತ್ತಿಕೊಳ್ಳುತ್ತದೆ. ಸರಪಳಿಯೇ ವಾಸಿ. ಕಿರುಗುಟ್ಟಿದರೆ ಕೊಂಡಿಗೆ ಎರಡು ಹನಿ ಔಡಲೆಣ್ಣೆ ಸಾಕು.

ದೊಡ್ಡ ಜಗಳ ಆದದ್ದು ಸಾಸಿವೆ ದಿಂಬಿನ ಮೇಲೆ. ತಲೆ ದುಂಡಗಾಗಬೇಕು ಅಂತ ಅತ್ತೆಯವರು ಹೊಲಿಸಿ ತಂದಿದ್ದರು. ಮಕ್ಕಳ ಡಾಕ್ಟರು ಖಡಾಖಂಡಿತ: ಅಂಗಾತ ಮಲಗಿಸಿ, ಹಾಸಿಗೆ ಸಪಾಟಾಗಿ ಗಟ್ಟಿಯಾಗಿರಲಿ, ವರ್ಷ ತುಂಬುವವರೆಗೆ ದಿಂಬು ಬೇಡ, ಸಡಿಲ ಹೊದಿಕೆ ಬೇಡ. ದಿಂಬು ಶೋಕೇಸಿಗೆ ಹೋಯಿತು. ಅತ್ತೆ ಎರಡು ದಿನ ಮಾತಾಡಲಿಲ್ಲ, ಆಮೇಲೆ ತಾವೇ ತೂಗುತ್ತ ಜೋಗುಳ ಹಾಡಿದರು.

ಅಮೆರಿಕದಲ್ಲಿರುವ ತಂಗಿಗೆ ಮಗು ಆದಾಗ ಅವಳಿಗೂ ಇಂಥದ್ದೇ ಬೇಕೆನಿಸಿತು. ಅಲ್ಲಿ ಪಕ್ಕ ಇಳಿಸುವಂಥ ಕ್ರಿಬ್ (ಸುತ್ತ ಸರಳಿರುವ ಕೂಸಿನ ಮಂಚ) ಮಾರುವುದನ್ನು 2011ರಿಂದ ನಿಲ್ಲಿಸಿದ್ದಾರೆ, ಕ್ರಿಬ್ಬಿನ ಸರಳುಗಳ ಸಂದಿ ಸುಮಾರು 6 ಸೆಂಟಿಮೀಟರ್ ದಾಟುವಂತಿಲ್ಲ. 'ನಿನ್ನ ತೊಟ್ಟಿಲ ಸಂದಿ ಅಳೆದು ಹೇಳು' ಅಂತ ಫೋನು ಬಂತು. ಅಳೆದೆ, ಒಂದೆರಡು ಕಡೆ ಹೆಚ್ಚೇ ಇತ್ತು. ಅವಳು ನಾಮಕರಣದ ದಿನಕ್ಕಷ್ಟೇ ಪುಟ್ಟದೊಂದು ತರಿಸಿ, ರಾತ್ರಿ ಮಲಗಿಸಲು ಅಲ್ಲಿಯ ಕ್ರಿಬ್ಬೇ ಇಟ್ಟುಕೊಂಡಳು. ಹೊಸದಾಗಿ ಮಾಡಿಸುವವರು ಈ ಅಳತೆಯನ್ನು ಮೊದಲೇ ಹೇಳಿ. ಕೈಯಿಂದ ಮಾಡುವ ಸಾಮಾನು ತಾನೇ, ಗೂಟ ಹತ್ತಿರ ಹತ್ತಿರ ಕೂರಿಸಿ ಕೊಡುತ್ತಾರೆ.

ಬಣ್ಣದ ವಿಷಯಕ್ಕೆ ನೂರಕ್ಕೆ ತೊಂಬತ್ತು ಅಂಕ. ಇಷ್ಟು ವರ್ಷವಾದರೂ ಗೂಟಗಳ ಕೆಂಪು, ಹಳದಿ ಮಾಸಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಹಬ್ಬಕ್ಕೊಮ್ಮೆ ಕೊಬ್ಬರಿ ಎಣ್ಣೆಯ ಕೈ ಆಡಿಸಿದರೆ ಆಯಿತು. ಬಿಸಿಲಿಗಿಡಬೇಡಿ. ಸ್ಯಾನಿಟೈಜರಂತೂ ಹತ್ತಿರ ತರಬೇಡಿ. ಕೊರೊನಾ ಕಾಲದಲ್ಲಿ ನೆಂಟರೊಬ್ಬರು ಅತಿ ಕಾಳಜಿಯಿಂದ ಅದನ್ನು ಹಚ್ಚಿ ಒಂದು ಗೂಟ ಒರೆಸಿದರು. ಅರಗು ಆಲ್ಕೋಹಾಲಿನಲ್ಲಿ ಕರಗುವ ವಸ್ತು, ಬಣ್ಣವೆಲ್ಲ ಬಟ್ಟೆಗೆ ಬಂತು.

ನಮ್ಮ ತೊಟ್ಟಿಲ ಮೇಲೆ ಹಲ್ಲಿನ ಗುರುತೂ ಇದೆ. ತೂಗುವುದು ನಿಂತ ಮೇಲೆ ತೊಟ್ಟಿಲು ನೆಲಕ್ಕಿಳಿದು ಆಟಿಕೆಯ ಪೆಟ್ಟಿಗೆಯಾಯಿತು. ಮಗಳು ಎದ್ದು ನಿಲ್ಲಲು ಕಲಿತದ್ದು ಅದರ ಅಂಚು ಹಿಡಿದು. ಹಲ್ಲು ಬರುವಾಗ ಅದನ್ನೇ ಕಡಿದಳು. ಬಲಗಡೆಯ ಮೇಲಿನ ಪಟ್ಟಿಯಲ್ಲಿ ಎರಡು ದೊಡ್ಡ ತಗ್ಗು, ಪಕ್ಕದಲ್ಲಿ ಎರಡು ಸಣ್ಣವು. ಕೆಂಪು ಅರಗು ಚಕ್ಕೆ ಎದ್ದು ಒಳಗಿನ ಸಾಗವಾನಿ ಕಾಣುತ್ತದೆ. ಬೆರಳು ಆಡಿಸಿದರೆ ತಿಳಿಯುತ್ತದೆ, ಅಂಚುಗಳು ಈಗ ನುಣುಪಾಗಿವೆ. ಮಗ ಹುಟ್ಟುವ ಮೊದಲು ರಿಪೇರಿಗೆ ಕಲಘಟಗಿಗೆ ಒಯ್ದಾಗ ಅಲ್ಲಿಯ ಹಿರಿಯರು 'ಇದನ್ನ ಮುಚ್ಚಿ ಹೊಸದರಂಗ ಮಾಡ್ತೀನಿ' ಅಂದರು. ಅದೊಂದು ಬಿಟ್ಟು ಉಳಿದದ್ದು ಮಾಡ್ರಿ ಅಂದೆ. ಅವರು ನಕ್ಕು, 'ಎಲ್ಲಾ ತಾಯಂದ್ರೂ ಹಿಂಗ ಅಂತಾರ' ಎಂದು ಆ ಪಟ್ಟಿಗೆ ಪೇಪರು ಸುತ್ತಿದರು. ಹಾಗಾಗಿ ಯಜಮಾನರ ಓಎಲ್‌ಎಕ್ಸ್ ಮಾತಿಗೆ ನನ್ನ ಉತ್ತರ ಇಷ್ಟೇ: ಸಾಗವಾನಿಗೆ ಬೆಲೆ ಕಟ್ಟಬಹುದು, ಆ ನಾಲ್ಕು ತಗ್ಗನ್ನು ನೋಡಿ ಕೊಳ್ಳುವವರು 'ಡ್ಯಾಮೇಜು' ಅಂತ ಚೌಕಾಸಿ ಮಾಡುವುದನ್ನು ನಾನು ನಿಂತು ಕೇಳಲಾರೆ.

ಬಾಡಿಗೆ ಮನೆ, ಎರಡು ವರ್ಷಕ್ಕೊಮ್ಮೆ ವರ್ಗಾವಣೆ, ಒಂದೇ ಮಗು ಸಾಕು ಅನ್ನುವವರು ಇದನ್ನು ಕೊಳ್ಳಬೇಡಿ. ಸೀರೆಯ ಜೋಳಿಗೆಯಲ್ಲೋ ಸಾದಾ ಕ್ರಿಬ್ಬಿನಲ್ಲೋ ಕೂಸು ಅಷ್ಟೇ ಚೆನ್ನಾಗಿ ಮಲಗುತ್ತದೆ. ಜಾಗ ಇದ್ದು, ಅಕ್ಕತಂಗಿಯರು, ಮೈದುನರು ಅಂತ ಕೈ ಬದಲಾಯಿಸುವ ಕುಟುಂಬ ಇದ್ದರೆ ಧಾರಾಳವಾಗಿ ಮಾಡಿಸಿ. ತೊಟ್ಟಿಲು ಮನೆಯಿಂದ ಮನೆಗೆ ಓಡಾಡಿದರೆ ಮಾತ್ರ ಅದರ ದುಡ್ಡು ಹುಟ್ಟುವುದು. ನನ್ನದನ್ನು ನಾದಿನಿ ಕೇಳಿದ್ದಾಳೆ, ಬರುವ ತಿಂಗಳು ಅವಳಿಗೆ ಹೆರಿಗೆ. ಕೊಡುತ್ತೇನೆ. ಸರಪಳಿ, ಸ್ಟ್ಯಾಂಡು ಎಲ್ಲ ಸೇರಿಸಿ ಕೊಡುತ್ತೇನೆ. ಸ್ಯಾನಿಟೈಜರ್ ಮುಟ್ಟಿಸಬಾರದು, ಬಲಗಡೆಯ ಪಟ್ಟಿಗೆ ಪಾಲಿಶ್ ಮಾಡಿಸಬಾರದು, ಕೆಲಸ ಮುಗಿದ ಮೇಲೆ ವಾಪಸ್ ತಂದು ಕೊಡಬೇಕು ಅಂತ ವಾಟ್ಸಾಪಿನಲ್ಲಿ ಬರೆದು ಕಳಿಸಿಯೂ ಆಗಿದೆ.