ವರ್ಡ್ ಫೈಲ್‌ನೊಳಗಿಂದ ಶುರುವಾಗುವ ಕಳ್ಳಾಟ ಹಿಡಿಯಲು ಯಾವುದು ಒಳ್ಳೆಯದು: ದುಡ್ಡಿನ ಆಂಟಿವೈರಸ್, ಡಿಫೆಂಡರ್ ಎಎಸ್‌ಆರ್, ಇಲ್ಲಾ ಸಿಸ್‌ಮಾನ್–ವಾಝು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಸ್‌ಮಾನ್–ವಾಝು ಜೋಡಿಗೆ. ಸಿಸ್‌ಮಾನ್ ಕಂಪ್ಯೂಟರ್‌ನಲ್ಲಿ ನಡೆಯುವುದನ್ನು ಬರೆದಿಡುವ ಟೂಲ್, ವಾಝು ಆ ಬರಹಗಳನ್ನು ಒಂದೆಡೆ ತಂದು ಎಚ್ಚರಿಸುವ ಸಾಫ್ಟ್‌ವೇರ್. ಎಎಸ್‌ಆರ್ ಅಂದರೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನಲ್ಲಿರುವ ತಡೆಯುವ ರೂಲ್‌ಗಳು. ನಾನು ನೋಡಿಕೊಳ್ಳುವುದು ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿನ ಕಂಪ್ಯೂಟರ್‌ಗಳನ್ನು. ಎಲ್ಲಾ ಸೇರಿ ಇಪ್ಪತ್ತರ ಆಸುಪಾಸು. ಇಲ್ಲಿ ದಿನವಿಡೀ ಓಡಾಡುವುದು ಎಕ್ಸೆಲ್, ವರ್ಡ್ ಫೈಲ್‌ಗಳೇ. ಇನ್‌ಕಮ್ ಟ್ಯಾಕ್ಸ್ ಇಲಾಖೆಯ ಎಕ್ಸೆಲ್ ಯುಟಿಲಿಟಿ, ಜಿಎಸ್‌ಟಿಆರ್-9ರ ಆಫ್‌ಲೈನ್ ಟೂಲ್, ಎರಡರಲ್ಲೂ ಮ್ಯಾಕ್ರೋ, ಅಂದರೆ ಫೈಲ್‌ನೊಳಗೇ ಓಡುವ ಪುಟ್ಟ ಪ್ರೋಗ್ರಾಮ್, ಇರುತ್ತದೆ. ‘ಮ್ಯಾಕ್ರೋ ಪೂರ್ತಿ ಬಂದ್ ಮಾಡಿ’ ಅನ್ನುವ ಸಲಹೆ ನಮ್ಮಲ್ಲಿ ನಡೆಯುವುದಿಲ್ಲ. ಇಂಟರ್‌ನೆಟ್‌ನಿಂದ ಬಂದ ಫೈಲ್‌ಗಳ ಮ್ಯಾಕ್ರೋವನ್ನು 2022ರಿಂದ ಮೈಕ್ರೋಸಾಫ್ಟ್ ತಾನೇ ತಡೆಯುತ್ತಿದೆ, ನಿಜ. ಆದರೆ ರಿಟರ್ನ್ ಸೀಸನ್ ಬಂತೆಂದರೆ ಪ್ರಾಪರ್ಟೀಸ್‌ಗೆ ಹೋಗಿ ‘ಅನ್‌ಬ್ಲಾಕ್’ ಟಿಕ್ ಮಾಡುವುದು ಸಿಎ ತರಬೇತಿಯಲ್ಲಿರುವ ನಮ್ಮ ಆರ್ಟಿಕಲ್ ಹುಡುಗರಿಗೆ ಕೈ ಅಭ್ಯಾಸ. ಅದಕ್ಕೆ ಅವರನ್ನು ಬೈಯುವ ಹಾಗಿಲ್ಲ, ಕೆಲಸವೇ ಹಾಗಿದೆ.

ಈ ಹೋಲಿಕೆ ಶುರುವಾಗಿದ್ದು ಮೂರು ವರ್ಷಕ್ಕೆ ದುಡ್ಡು ಕಟ್ಟಿ ತಂದ ಆಂಟಿವೈರಸ್‌ನಿಂದ. ಹೆಸರು ಬೇಡ. ರಿಸೆಪ್ಷನ್‌ನ ಕಂಪ್ಯೂಟರ್‌ಗೆ ‘ಪರ್ಚೇಸ್ ಆರ್ಡರ್’ ಅಂತ ವರ್ಡ್‌ನಲ್ಲಿ ತೆರೆಯುವ ಒಂದು ಆರ್‌ಟಿಎಫ್ ಫೈಲ್ ಬಂತು. ಮೇಡಂ ತೆರೆದರು. ಪುಟ ಖಾಲಿ ಇತ್ತು, ಮುಚ್ಚಿದರು. ಮಾರನೇ ದಿನ ಅಪ್‌ಡೇಟ್ ಆದ ಮೇಲೆ ಆಂಟಿವೈರಸ್ ಆ ಫೈಲನ್ನು ಹಿಡಿದು, ತೆಗೆದುಹಾಕಿ, ಹಸಿರು ಟಿಕ್ ತೋರಿಸಿತು. ನಮ್ಮ ಸರ್ ಕೇಳಿದ್ದು ಒಂದೇ ಪ್ರಶ್ನೆ: “ನಿನ್ನೆಯಿಂದ ಇವತ್ತಿನವರೆಗೆ ಅದು ಏನೇನು ಮಾಡಿದೆ?” ಕನ್ಸೋಲ್ ಪೂರ್ತಿ ಜಾಲಾಡಿದೆ. ಫೈಲ್ ಹೆಸರು, ಟೈಮ್, ಹಸಿರು ಟಿಕ್. ಅಷ್ಟೇ. ಏನು ಹೋಗಿದೆ ಅಂತ ಗೊತ್ತಿಲ್ಲದ ಕಾರಣ ಆ ಬ್ರೌಸರ್‌ನಲ್ಲಿ ಸೇವ್ ಆಗಿದ್ದ ಪೋರ್ಟಲ್ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಬೇಕಾಯಿತು. ಒಟಿಪಿ ಹೋಗುವುದು ಕ್ಲೈಂಟ್ ಮೊಬೈಲ್‌ಗೆ. ಒಬ್ಬೊಬ್ಬರಿಗೂ ಫೋನ್ ಮಾಡಿ, ಯಾಕೆ ಅಂತ ವಿವರಿಸಿ, ಒಟಿಪಿ ಕೇಳುವುದು ಎಷ್ಟು ಕಷ್ಟ ಅಂತ ಈ ಕೆಲಸ ಮಾಡುವವರಿಗೆ ಗೊತ್ತು.

ಸರ್ ಕೇಳಿದ ಆ ಪ್ರಶ್ನೆಗೆ ಉತ್ತರ ಕೊಡುವುದು ಸಿಸ್‌ಮಾನ್. ಮೈಕ್ರೋಸಾಫ್ಟ್‌ನದೇ ಸಿಸ್‌ಇಂಟರ್ನಲ್ಸ್ ಟೂಲ್, 2014ರಿಂದ ಇದೆ, ಉಚಿತ. ಅದರ ಮುಖ್ಯ ಕೆಲಸ ತಡೆಯುವುದಲ್ಲ, ಸುಮ್ನೆ ಬರೆದಿಡುವುದು. ಆದರೆ ಏನು ಬರೆಯುತ್ತದೆ ನೋಡಿ. ಖಾಲಿ ಬಿದ್ದಿದ್ದ ಒಂದು ಕಂಪ್ಯೂಟರ್‌ನಲ್ಲಿ, ಪವರ್‌ಶೆಲ್ (ವಿಂಡೋಸ್‌ಗೆ ಕಮಾಂಡ್ ಬರೆದು ಕೊಡುವ ಪ್ರೋಗ್ರಾಮ್) ತೆರೆದು ಮುಚ್ಚುವ ನಿರಪಾಯದ ಮ್ಯಾಕ್ರೋ ಬರೆದು ಓಡಿಸಿದೆ. ‘ಹೊಸ ಪ್ರೋಗ್ರಾಮ್ ಶುರುವಾಯಿತು’ ಅನ್ನುವ ದಾಖಲೆ, ಅಂದರೆ ಈವೆಂಟ್ 1, ಬಂತು. ಶುರುವಾದದ್ದು ಪವರ್‌ಶೆಲ್. ಶುರು ಮಾಡಿದ್ದು ವಿನ್‌ವರ್ಡ್, ಅಂದರೆ ವರ್ಡ್. ಪವರ್‌ಶೆಲ್‌ಗೆ ಕೊಟ್ಟ ಇಡೀ ಕಮಾಂಡ್ ಲೈನ್ ಅಲ್ಲೇ ಇತ್ತು. ಅದರ ಕೆಳಗೆ ವಿನ್‌ವರ್ಡ್‌ನ ಕಮಾಂಡ್ ಲೈನ್, ಅದರಲ್ಲಿ ಡಬಲ್ ಕ್ಲಿಕ್ ಮಾಡಿದ ಫೈಲ್‌ನ ಪೂರ್ತಿ ದಾರಿ, ಡೌನ್‌ಲೋಡ್ಸ್ ಫೋಲ್ಡರ್ ಸಮೇತ. ಯಾವ ಫೈಲ್, ಯಾರ ಲಾಗಿನ್, ಯಾವ ಕಮಾಂಡ್, ಎಲ್ಲಾ ಒಂದೇ ಕಡೆ. ನೆಟ್‌ವರ್ಕ್‌ಗೆ ಹೋದರೆ ಈವೆಂಟ್ 3, ವೆಬ್‌ಸೈಟ್ ಹೆಸರು ಹುಡುಕಿದರೆ 22, ಫೈಲ್ ಇಳಿಸಿದರೆ 11. ವಾಝು ಇದನ್ನೆಲ್ಲ ಎಲ್ಲಾ ಕಂಪ್ಯೂಟರ್‌ಗಳಿಂದ ಒಂದು ಲಿನಕ್ಸ್ ಸರ್ವರ್‌ಗೆ ತಂದು ಅಲರ್ಟ್ ಕೊಡುತ್ತದೆ. ಅದೂ ಉಚಿತ. 25 ಕಂಪ್ಯೂಟರ್‌ವರೆಗೆ 8 ಜಿಬಿ ರ್‍ಯಾಮ್ ಸಾಕು ಅನ್ನುತ್ತದೆ ಅವರ ಕೈಪಿಡಿ. ನಮ್ಮ ಹಳೇ ಡೆಸ್ಕ್‌ಟಾಪ್ ಇದಕ್ಕೆ ಸಾಕಾಯಿತು.

ತಲೆನೋವು ಬಂದಿದ್ದು ರೂಲ್ ಬರೆಯುವಾಗ. ‘ವರ್ಡ್ ಅಥವಾ ಎಕ್ಸೆಲ್ ಬೇರೆ ಯಾವುದೇ ಪ್ರೋಗ್ರಾಮ್ ಶುರು ಮಾಡಿದರೆ ಅಲರ್ಟ್’ ಅಂತ ಇಟ್ಟರೆ ಸಾಕು ಅನಿಸುತ್ತದೆ ಅಲ್ವಾ? ಮೊದಲ ದಿನವೇ ಡ್ಯಾಶ್‌ಬೋರ್ಡ್ ಕೆಂಪಾಯಿತು. ಕಾರಣ ಸ್ಪ್ಲ್‌ವೌ64 ಅನ್ನುವ ಪುಟ್ಟ ಪ್ರೋಗ್ರಾಮ್. ನಮ್ಮಲ್ಲಿರುವುದು 32 ಬಿಟ್ ಆಫೀಸ್, ವಿಂಡೋಸ್ 64 ಬಿಟ್. ಪ್ರಿಂಟ್ ಕೊಟ್ಟಾಗ ಎರಡರ ನಡುವೆ ಮಾತಾಡಿಸಲು ವಿಂಡೋಸ್ ಇದನ್ನು ಎಬ್ಬಿಸುತ್ತದೆ. ಆಡಿಟರ್ ಆಫೀಸಿನಲ್ಲಿ ಪ್ರಿಂಟ್ ನಿಲ್ಲುವುದು ಕರೆಂಟ್ ಹೋದಾಗ ಮಾತ್ರ! ಇದನ್ನು ರೂಲ್‌ನಿಂದ ಬಿಡಬೇಕು, ಆದರೆ ಬರೀ ಹೆಸರು ನೋಡಿ ಬಿಡಬಾರದು. ಅದೇ ಹೆಸರಿಟ್ಟುಕೊಂಡು ಟೆಂಪ್ ಫೋಲ್ಡರ್‌ನಲ್ಲಿ ಕೂರುವುದು ಕಳ್ಳರಿಗೆ ಕಷ್ಟವಲ್ಲ. ವಿಂಡೋಸ್ ಫೋಲ್ಡರ್‌ನ ಪೂರ್ತಿ ಪಾತ್ ಕೊಟ್ಟು ಬಿಡಿ. ಎಕ್ಸೆಲ್‌ನಲ್ಲಿನ ಲಿಂಕ್ ಒತ್ತಿದಾಗ ತೆರೆದುಕೊಳ್ಳುವ ಬ್ರೌಸರ್‌ಗೂ ಇದೇ ಪಾಠ.

ಗದ್ದಲ ಕಮ್ಮಿಯಾದ ಮೇಲೆ ಎದುರಾದದ್ದು ಇನ್ನೂ ದೊಡ್ಡ ತೊಡಕು. ಎಲ್ಲಾ ಕಳ್ಳಾಟಕ್ಕೂ ವಿನ್‌ವರ್ಡ್ ಅಪ್ಪನಾಗಿ, ಅಂದರೆ ಶುರು ಮಾಡಿದ ಪ್ರೋಗ್ರಾಮ್ ಆಗಿ, ಕಾಣಿಸುವುದಿಲ್ಲ. ವರ್ಡ್‌ನಲ್ಲಿ ಗಣಿತದ ಸೂತ್ರ ಬರೆಯಲು ಇದ್ದ ಹಳೇ ಈಕ್ವೇಶನ್ ಎಡಿಟರ್‌ನ ದೋಷವನ್ನೇ ನೋಡಿ. 2017ರ ನವೆಂಬರ್‌ನಲ್ಲಿ ಪ್ಯಾಚ್ ಬಂತು, 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಆ ಎಡಿಟರನ್ನೇ ಕಿತ್ತುಹಾಕಿತು. ಆದರೂ ಅಪ್‌ಡೇಟ್ ಆಗದ ಆಫೀಸ್ ಇರುವ ಕಡೆ ಅದನ್ನೇ ನಂಬಿಕೊಂಡ ಆರ್‌ಟಿಎಫ್ ಫೈಲ್‌ಗಳು ಆಮೇಲೂ ವರ್ಷಗಟ್ಟಲೆ ಬರುತ್ತಲೇ ಇದ್ದವು. ಆ ಎಡಿಟರ್ ಶುರುವಾಗುವುದು ಎಸ್‌ವಿಸಿಹೋಸ್ಟ್ ಅನ್ನುವ ವಿಂಡೋಸ್‌ನದೇ ಪ್ರೋಗ್ರಾಮ್ ಮೂಲಕ. ಇಡೀ ಸರಪಳಿಯಲ್ಲಿ ವಿನ್‌ವರ್ಡ್ ಹೆಸರೇ ಇಲ್ಲ. ಮ್ಯಾಕ್ರೋ ಡಬ್ಲ್ಯುಎಂಐ (ಕಂಪ್ಯೂಟರ್ ನಿರ್ವಹಣೆಗೆ ವಿಂಡೋಸ್‌ನಲ್ಲೇ ಇರುವ ವ್ಯವಸ್ಥೆ) ಮೂಲಕ ಪವರ್‌ಶೆಲ್ ಕರೆದರೂ ಅಷ್ಟೇ, ಅಪ್ಪನ ಜಾಗದಲ್ಲಿ ಡಬ್ಲ್ಯುಎಂಐನ ಹೋಸ್ಟ್ ಪ್ರೋಗ್ರಾಮ್ ಕೂತಿರುತ್ತದೆ. ಹಾಗಾಗಿ ನಾನು ಇನ್ನೂ ಮೂರು ರೂಲ್ ಸೇರಿಸಿದೆ. ಈಕ್ವೇಶನ್ ಎಡಿಟರ್ ಶುರುವಾದರೇ ಸಾಕು, ಅಲರ್ಟ್. ಡಬ್ಲ್ಯುಎಂಐ ಹೋಸ್ಟ್‌ನ ಕೆಳಗೆ ಪವರ್‌ಶೆಲ್ ಅಥವಾ ಸಿಎಂಡಿ (ಕಮಾಂಡ್ ಪ್ರಾಂಪ್ಟ್) ಬಂದರೆ ಅಲರ್ಟ್. ವರ್ಡ್, ಎಕ್ಸೆಲ್ ಒಳಗೆ ಡಬ್ಲ್ಯುಎಂಐನ ಸ್ಕ್ರಿಪ್ಟಿಂಗ್ ಡಿಎಲ್‌ಎಲ್ (ಪ್ರೋಗ್ರಾಮ್‌ಗಳು ಬಳಸುವ ಕೋಡ್ ಫೈಲ್) ಲೋಡ್ ಆದರೆ, ಅಂದರೆ ಈವೆಂಟ್ 7 ಬಂದರೆ, ಅಲರ್ಟ್. ಈವೆಂಟ್ 7 ಅನ್ನು ಆ ಒಂದು ಡಿಎಲ್‌ಎಲ್‌ಗೆ ಮಾತ್ರ ಆನ್ ಮಾಡಿ. ಇಲ್ಲದಿದ್ದರೆ ಲಾಗ್ ಹೊಳೆಯಾಗುತ್ತದೆ.

ಇನ್ನು ಡಿಫೆಂಡರ್‌ನ ಎಎಸ್‌ಆರ್ ರೂಲ್‌ಗಳು. ಆಫೀಸ್ ಪ್ರೋಗ್ರಾಮ್‌ಗಳು ಬೇರೆ ಪ್ರೋಗ್ರಾಮ್ ಶುರು ಮಾಡದಂತೆ, ಎಕ್ಸಿಕ್ಯೂಟಬಲ್ ಫೈಲ್ ಬರೆಯದಂತೆ ಇವು ನೇರವಾಗಿ ತಡೆಯುತ್ತವೆ. ಪ್ರೋಗ್ರಾಮ್ ಶುರುವಾಗುವುದನ್ನು ತಡೆಯುವ ಶಕ್ತಿ ಸಿಸ್‌ಮಾನ್‌ಗೆ ಇಲ್ಲ. ವಿಂಡೋಸ್ ಪ್ರೋ ಇದ್ದರೆ ಗ್ರೂಪ್ ಪಾಲಿಸಿಯಲ್ಲಿ ಇಟ್ಟರಾಯಿತು, ಬೇರೆ ಖರ್ಚಿಲ್ಲ. ಒಂದೇ ಷರತ್ತು, ಡಿಫೆಂಡರೇ ಮುಖ್ಯ ಆಂಟಿವೈರಸ್ ಆಗಿರಬೇಕು. ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತದೆ, ರೂಲ್ ಇಟ್ಟಿದ್ದರೂ ಕೆಲಸ ಮಾಡುವುದಿಲ್ಲ. ಅಂದರೆ ನಾವು ದುಡ್ಡು ಕಟ್ಟಿದ್ದು ವಿಂಡೋಸ್‌ನಲ್ಲೇ ಇದ್ದ ಬೀಗವನ್ನು ತೆಗೆದಿಡಲು! ಇದು ನನಗೆ ನಿಜಕ್ಕೂ ಬೇಜಾರಾದ ಸಂಗತಿ. ಮಾರುವವರು ಇದನ್ನು ಹೇಳುವುದೇ ಇಲ್ಲ. ಇನ್ನೊಂದು ಎಚ್ಚರಿಕೆ: 2023ರ ಜನವರಿ 13ರಂದು ಒಂದು ತಪ್ಪು ಅಪ್‌ಡೇಟ್‌ನಿಂದಾಗಿ, ಮ್ಯಾಕ್ರೋಗಳು ವಿಂಡೋಸ್‌ನ ಒಳಗಿನ ಕೆಲಸಗಳನ್ನು ನೇರವಾಗಿ ಕರೆಯುವುದನ್ನು (ವಿನ್32 ಕರೆ) ತಡೆಯುವ ರೂಲ್ ಹಲವು ಕಡೆ ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳನ್ನೇ ಅಳಿಸಿತ್ತು. ಆ ಒಂದು ರೂಲನ್ನು ನಾನು ಇವತ್ತಿಗೂ ಆಡಿಟ್ ಮೋಡ್‌ನಲ್ಲೇ, ಅಂದರೆ ತಡೆಯದೆ ಬರೀ ಬರೆದಿಡುವ ಹಾಗೆ, ಇಟ್ಟಿದ್ದೇನೆ.

ಪ್ರೋಗ್ರಾಮ್ ಶುರುವಾದದ್ದನ್ನು ಬರೆದಿಡುವ ವಿಂಡೋಸ್‌ನದೇ 4688 ಲಾಗ್? ಏನೂ ಇಲ್ಲದಿದ್ದರೆ ಪರವಾಗಿಲ್ಲ, ಆದರೆ ಕಮಾಂಡ್ ಲೈನ್ ಬೇಕೆಂದರೆ ಇನ್ನೊಂದು ಪಾಲಿಸಿ ಆನ್ ಮಾಡಬೇಕು.

ನನಗೆ ಬೆಳಿಗ್ಗೆ ಬಂದ ಕೂಡಲೇ ಡ್ಯಾಶ್‌ಬೋರ್ಡ್ ತೆರೆದು ನೋಡುವ ಅಭ್ಯಾಸ ಇದೆ, ಕೈಯಲ್ಲಿ ದುಡ್ಡು ಕಮ್ಮಿ ಇದೆ. ಅದಕ್ಕೇ ಸಿಸ್‌ಮಾನ್–ವಾಝು. ಆಂಟಿವೈರಸ್ ಲೈಸೆನ್ಸ್ ಮುಗಿದ ಕಂಪ್ಯೂಟರ್‌ಗಳಲ್ಲಿ ಅದನ್ನು ತೆಗೆದು, ಸಿಸ್‌ಮಾನ್ ಜೊತೆಗೆ ಎಎಸ್‌ಆರ್ ಕೂಡ ಸೇರಿಸುತ್ತಾ ಬಂದಿದ್ದೇನೆ. ನವೀಕರಣಕ್ಕೆ ಇಟ್ಟಿದ್ದ ದುಡ್ಡು ಹಳೇ ಆಫೀಸ್ ಬದಲಾಯಿಸಲು ಹೋಯಿತು. ದಿನಾ ಲಾಗ್ ನೋಡುವವರು ಯಾರೂ ಇಲ್ಲದ ಆಫೀಸಾದರೆ ಬರೀ ಎಎಸ್‌ಆರ್ ಹಾಕಿ. ನೋಡುವವರಿಲ್ಲದ ಅಲರ್ಟ್‌ನಿಂದ ಏನು ಪ್ರಯೋಜನ?

ಎಎಸ್‌ಆರ್ ಹಾಕುವವರು ಮೊದಲು ಆಡಿಟ್ ಮೋಡ್‌ನಲ್ಲಿ ಬಿಟ್ಟು ಈವೆಂಟ್ 1122 ಗಮನಿಸಿ. ನಮ್ಮಲ್ಲಿ ಬ್ಯಾಚ್ ಫೈಲ್ ಕರೆಯುವ ಒಂದು ಹಳೇ ಎಕ್ಸೆಲ್ ಮ್ಯಾಕ್ರೋ ಸಿಕ್ಕಿದ್ದೇ ಹಾಗೆ. ಅದನ್ನು ಬೇರೆ ರೀತಿ ಬರೆಸಿದ ಮೇಲೆ ಬ್ಲಾಕ್‌ಗೆ ತಿರುಗಿಸಿದೆ. ಈಗ ತಡೆದದ್ದು 1121 ಆಗಿ ಬರುತ್ತದೆ, ವಾಝು ಅದನ್ನೂ ಓದುತ್ತದೆ. ಆಡಿಟರ್ ಆಫೀಸಿನವರು ಈ ಕೆಲಸವನ್ನು ಸೆಪ್ಟೆಂಬರ್‌ನಲ್ಲಂತೂ ಇಟ್ಟುಕೊಳ್ಳಬೇಡಿ. 30ನೇ ತಾರೀಕಿಗೆ ಟ್ಯಾಕ್ಸ್ ಆಡಿಟ್ ರಿಪೋರ್ಟ್‌ನ ಗಡುವು ಇರುತ್ತದೆ.