ದಿ ಎಕ್ಸ್‌ಪ್ಯಾನ್ಸ್ ನೋಡೋದಾ, ಚೆರ್ನೋಬಿಲ್ ನೋಡೋದಾ?

ಮೊದಲು ನಿಮ್ಮ ಹತ್ತಿರ ಎಷ್ಟು ಟೈಮ್ ಇದೆ ಅಂತ ನೋಡಿಕೊಳ್ಳಿ. 1986ರ ಅಣು ಸ್ಥಾವರ ದುರಂತದ ಕಥೆ ಹೇಳುವ ಸರಣಿ ‘ಚೆರ್ನೋಬಿಲ್’ (2019) ಬರೀ 5 ಎಪಿಸೋಡ್. ಒಂದು ವೀಕೆಂಡ್ ಸಾಕು. ‘ದಿ ಎಕ್ಸ್‌ಪ್ಯಾನ್ಸ್’ ಬಾಹ್ಯಾಕಾಶದಲ್ಲಿ ನಡೆಯುವ ಸೈ-ಫೈ ಸರಣಿ, 6 ಸೀಸನ್, ಒಟ್ಟು 62 ಎಪಿಸೋಡ್. ಶುರುವಿನಲ್ಲಿ ಯಾರು ಯಾರ ಕಡೆ ಅಂತ ತಲೆಬುಡ ಗೊತ್ತಾಗುವುದಿಲ್ಲ. ಆದರೆ ವಿಜ್ಞಾನವನ್ನು ಸುಮ್ನೆ ಶೋಕಿಗೆ ಇಟ್ಟಿಲ್ಲ. ತಿರುಗುವ ಕ್ಷುದ್ರಗ್ರಹದಲ್ಲಿ ಗ್ಲಾಸಿಗೆ ಸುರಿದ ಮದ್ಯ ನೆಟ್ಟಗೆ ಬೀಳದೆ ವಾರೆಯಾಗಿ ಹೋಗುತ್ತದೆ. ಯಾಕೆ ಅಂತ ಯಾರೂ ಪಾಠ ಮಾಡುವುದಿಲ್ಲ, ನನಗೆ ಇಷ್ಟವಾದದ್ದೇ ಅದು.

‘ಚೆರ್ನೋಬಿಲ್’ ಪಾಠ ಮಾಡುತ್ತದೆ, ಆದರೂ ಬೋರ್ ಆಗುವುದಿಲ್ಲ. ಕೊನೆಯ ಎಪಿಸೋಡಿನಲ್ಲಿ, ಕೋರ್ಟಿನೊಳಗೆ, ಕೆಂಪು-ನೀಲಿ ಫಲಕ ಹಿಡಿದು ರಿಯಾಕ್ಟರ್ ಯಾಕೆ ಸಿಡಿಯಿತು ಅಂತ ಹೇಳುತ್ತಾರೆ. ನನ್ನಂಥವನಿಗೂ ಅರ್ಥವಾಯಿತು! ನಟನೆಯಲ್ಲೂ ಇದೇ ಒಂದು ಕೈ ಮೇಲು. ಎರಡರಲ್ಲಿ ಒಂದೇ ಅಂದ್ರೆ ಇದನ್ನೇ ನೋಡಿ. ನಾಯಿಗಳನ್ನು ಕೊಲ್ಲುವ ನಾಲ್ಕನೇ ಎಪಿಸೋಡ್ ಮಾತ್ರ ಮಲಗುವ ಮುಂಚೆ ಬೇಡ.