ಗಾರ್ಡ್, ಗ್ರೌಟ್, ಲೈನರ್: ಟರ್ಬೊ ಕಾರಿನ ಬ್ಲಾಕ್‌ಗೆ ಯಾವುದು?

ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಪವರ್ ಏರಿಸುವ ಟರ್ಬೊ ಕೂರಿಸುವವರೆಲ್ಲ ಪಿಸ್ಟನ್, ಕನೆಕ್ಟಿಂಗ್ ರಾಡ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಸಿಲಿಂಡರ್‌ಗಳಿರುವ ಎಂಜಿನ್ನಿನ ಮೈ, ಅಂದರೆ ಬ್ಲಾಕ್, ನೆನಪಾಗುವುದು ಅದಕ್ಕೂ ಮೇಲಿನ ಹೆಡ್‌ಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಮತ್ತೆ ಮತ್ತೆ ಹೋಗಲು ಶುರುವಾದ ಮೇಲೆ.

ನನ್ನದು ಹಳೆಯ ಹೋಂಡಾ ಸಿಟಿ ವಿಟೆಕ್. 1493 ಸಿಸಿ, ಬೋರ್ (ಸಿಲಿಂಡರಿನ ಒಳ ಅಗಲ) 75 ಮಿ.ಮೀ., ಕಂಪನಿ ಕೊಟ್ಟದ್ದು 106 ಹಾರ್ಸ್‌ಪವರ್. ಅಲ್ಯೂಮಿನಿಯಂ ಬ್ಲಾಕ್, ಸಿಲಿಂಡರ್ ಒಳಗೆ ತೆಳ್ಳನೆಯ ಕಬ್ಬಿಣದ ಕೊಳವೆ (ಲೈನರ್), ಓಪನ್ ಡೆಕ್. ಅಂದರೆ ಸಿಲಿಂಡರ್‌ಗಳ ಮೇಲ್ತುದಿಗೂ ಬ್ಲಾಕಿನ ಹೊರಗೋಡೆಗೂ ನಡುವೆ ಯಾವ ಆಸರೆಯೂ ಇಲ್ಲ, ಸುತ್ತ ಬರೀ ನೀರು. ಎರಕ ಹೊಯ್ಯಲು ಸುಲಭ, ಕೂಲಿಂಗೂ ಚೆನ್ನಾಗಿರುತ್ತದೆ. ಆದರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಿದರೆ ಕಥೆ ಬೇರೆ. ಪವರ್ ಸ್ಟ್ರೋಕ್‌ನಲ್ಲಿ ರಾಡ್ ಓರೆಯಾಗಿರುತ್ತದಲ್ಲ, ಆಗ ಪಿಸ್ಟನ್ ಒಂದೇ ಕಡೆಯ ಗೋಡೆಯನ್ನು ಒತ್ತುತ್ತದೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಸಾಕು, ಮೇಲಿನ ಗ್ಯಾಸ್ಕೆಟ್ ಉಳಿಯುವುದಿಲ್ಲ. ಇನ್ನೂ ಜಾಸ್ತಿಯಾದರೆ ಲೈನರೇ ಬಿರುಕು ಬಿಡುತ್ತದೆ.

ಗೋಡೆಗೆ ಆಸರೆ ಕೊಡಲು ಮೂರು ದಾರಿ: ಬ್ಲಾಕ್ ಗಾರ್ಡ್, ಗ್ರೌಟ್, ದಪ್ಪ ಲೈನರ್. ಗಾರ್ಡ್ ಮತ್ತು ಲೈನರ್ ಎರಡನ್ನೂ ಇದೇ ಸಿಟಿಯಲ್ಲಿ ನೋಡಿದ್ದೇನೆ. ಗ್ರೌಟ್ ಹಾಕಿಸಿದ್ದು ನಮ್ಮ ಅಣ್ಣನ 1.5 ಲ್ಯಾನ್ಸರ್‌ಗೆ, ಅದರ ಬ್ಲಾಕ್ ಎರಕದ ಕಬ್ಬಿಣದ್ದು. ಬ್ಲಾಕ್ ಬೇರೆಯಾದ್ದರಿಂದ ತಕ್ಕಡಿ ಅಷ್ಟು ಸಮ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬ್ಲಾಕ್ ಗಾರ್ಡ್ ಅಗ್ಗ. ನೀರಿನ ಜಾಗದ ಬಾಯಿಗೆ ಬಡಿದು ಕೂರಿಸುವ, ತೂತುಗಳಿರುವ ಅಲ್ಯೂಮಿನಿಯಂ ಪಟ್ಟಿ ಅಷ್ಟೇ. ನನಗೆ ಕಾರು ಮಾರಿದವರು ಅದನ್ನು ಮೊದಲೇ ಹಾಕಿಸಿದ್ದರು. ಸಿಲಿಂಡರ್ ತುದಿ ಅಲುಗುವುದು ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಬಿಗಿಯಾಗಿ ಬಡಿದರೆ ಬೋರ್‌ನ ದುಂಡು ಕೆಡುತ್ತದೆ, ಸಡಿಲ ಬಿಟ್ಟರೆ ಹಾಕಿಯೂ ಪ್ರಯೋಜನವಿಲ್ಲ. ಕೂರಿಸಿದ ಮೇಲೆ ಮತ್ತೆ ಬೋರ್ ಹೋನಿಂಗ್ (ಒಳಗೋಡೆಯನ್ನು ಉಜ್ಜಿ ದುಂಡಗೆ ಮಾಡುವುದು) ಆಗಲೇಬೇಕು, ಇದನ್ನು ಜಾಸ್ತಿ ಜನ ಮಾಡಿಸುವುದಿಲ್ಲ. ಇನ್ನೊಂದು ತೊಂದರೆ ದೊಡ್ಡದು. ಬ್ಲಾಕ್‌ನಲ್ಲಿ ಅತಿ ಹೆಚ್ಚು ಬಿಸಿ ಇರುವ ಜಾಗ ಸಿಲಿಂಡರಿನ ಮೇಲ್ಭಾಗ. ಅಲ್ಲೇ ನೀರಿನ ದಾರಿ ಕಿರಿದಾಗುತ್ತದೆ. ಬೆಳಗಾವಿ-ಗೋವಾ ದಾರಿಯ ಚೋರ್ಲಾ ಘಾಟ್ ಹತ್ತುವಾಗ ನನ್ನ ಕಾರು ನಾಕ್ ಹೊಡೆಯುತ್ತಿತ್ತು, ಅಂದರೆ ಬಿಸಿಗೆ ಪೆಟ್ರೋಲ್ ತಾನಾಗಿಯೇ ಹೊತ್ತಿ ಸಿಡಿಯುತ್ತಿತ್ತು. ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆದು (ಕಿಡಿ ತಡವಾಗಿ ಹಾರುವಂತೆ ಮಾಡಿ) ಓಡಿಸಬೇಕಾಗಿತ್ತು. ಪವರ್‌ಗೆಂದು ಹಾಕಿದ ಸಾಮಾನು ಪವರನ್ನೇ ತಿಂದರೆ ಏನು ಉಪಯೋಗ? ರಸ್ತೆ ಕಾರಿಗೆ ಇದು ಬೇಡ.

ಗ್ರೌಟ್ ಬಗ್ಗೆ ನಮ್ಮಲ್ಲಿ ಸುಮ್ನೆ ನಗುವವರೇ ಹೆಚ್ಚು. 'ಎಂಜಿನ್‌ಗೆ ಸಿಮೆಂಟ್ ಹಾಕ್ತೀರೇನ್ರೀ?' ಅಂತಾರೆ. ಹಾಕುವುದು ಮನೆ ಕಟ್ಟುವ ಸಿಮೆಂಟ್ ಅಲ್ಲ, ಒಣಗಿದಾಗ ಕುಗ್ಗದ, ಬ್ಲಾಕ್‌ಗೆಂದೇ ಮಾಡಿದ ಗ್ರೌಟ್. ನೀರಿನ ಜಾಗದ ಕೆಳಗಿನ ಅರ್ಧಕ್ಕೆ ಮಾತ್ರ ಸುರಿಯುತ್ತಾರೆ. ಮೇಲಿನ ಅರ್ಧದಲ್ಲಿ ನೀರು ಎಂದಿನಂತೆ ಓಡುತ್ತದೆ, ಬಿಸಿ ಇರುವುದೂ ಅಲ್ಲೇ ತಾನೆ. ಪೂರ್ತಿ ತುಂಬಿಸುವುದು ಡ್ರ್ಯಾಗ್ ಓಡಿಸುವವರ ಕೆಲಸ.

ಲ್ಯಾನ್ಸರ್‌ನ ಬೋರ್ ಹುಟ್ಟಿದ್ದೇ 75.5 ಮಿ.ಮೀ., ಅಣ್ಣನದು ಇನ್ನಷ್ಟು ಕೊರೆಸಿ ಓವರ್‌ಸೈಜ್ ಆಗಿ ಗೋಡೆ ತೆಳ್ಳಗಾಗಿತ್ತು. ನಮ್ಮ ಬೆಳಗಾವಿಯಂಥ ಫೌಂಡ್ರಿ ಊರಿನವರಿಗೆ ಗೊತ್ತು, ಎರಕ ಹೊಯ್ಯುವಾಗ ಒಳಗಿನ ಮರಳಿನ ಕೋರ್ ಸ್ವಲ್ಪ ಸರಿದರೂ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಾಗುತ್ತದೆ. ಅಲ್ಟ್ರಾಸಾನಿಕ್ ಗೇಜ್ ಹಿಡಿದು ಅಳೆದು ನೋಡಿಯೇ ಗ್ರೌಟ್‌ಗೆ ಒಪ್ಪಿದೆವು. ಸುರಿಯುವ ಮೊದಲು ಒಳಗಿನ ತುಕ್ಕು, ಹಳೆಯ ಕೂಲಂಟ್ ಗಸಿ ಪೂರ್ತಿ ಹೋಗಿರಬೇಕು, ಇಲ್ಲದಿದ್ದರೆ ಅಂಟುವುದಿಲ್ಲ. ಊರ ನಡುವಿನ ಖಡೇ ಬಜಾರ್ ಟ್ರಾಫಿಕ್‌ನಲ್ಲೂ ನೀರಿನ ಟೆಂಪರೇಚರ್ ಮುಳ್ಳು ಮೊದಲಿನ ಜಾಗದಲ್ಲೇ ನಿಂತಿತು. ಏರಿದ್ದು ಆಯಿಲ್ ಟೆಂಪರೇಚರ್. ಆಯಿಲ್ ಕೂಲರ್ ಹಾಕಿದ ಮೇಲೆ ಅದೂ ತಹಬಂದಿಗೆ ಬಂತು. ಕಬ್ಬಿಣದ ಬ್ಲಾಕ್ ಇದ್ದರೆ ಕೊಟ್ಟ ದುಡ್ಡಿಗೆ ಇಷ್ಟು ಒಳ್ಳೆಯ ಕೆಲಸ ಬೇರೆ ಇಲ್ಲ. ಒಮ್ಮೆ ಹಾಕಿದರೆ ತೆಗೆಯಲು ಬರುವುದಿಲ್ಲ, ಅದು ನೆನಪಿರಲಿ. ನನ್ನ ಸಿಟಿಗೆ ಮಾತ್ರ ಇದನ್ನು ಹಾಕಿಸಲಿಲ್ಲ. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತದೆ. ಗ್ರೌಟ್ ಹಿಗ್ಗುವುದು ಹೆಚ್ಚುಕಡಿಮೆ ಕಬ್ಬಿಣದಷ್ಟೇ. ಎಂಜಿನ್ ಬಿಸಿಯಾದಾಗಲೆಲ್ಲ ಗೋಡೆ ಗ್ರೌಟನ್ನು ಬಿಟ್ಟು ದೂರ ಸರಿದರೆ ಆಸರೆ ಎಲ್ಲಿಂದ ಬರಬೇಕು?

ಹಾಗಾಗಿ ಸಿಟಿಗೆ ಲೈನರ್. ಹಳೆಯ ಸಿಲಿಂಡರ್‌ಗಳನ್ನೇ ಮಷಿನ್‌ನಲ್ಲಿ ಕತ್ತರಿಸಿ ತೆಗೆದು, ದಪ್ಪ ಕಾಲರ್ ಇರುವ ಎಸ್‌ಜಿ ಐರನ್ ಲೈನರ್ ಕೂರಿಸುವುದು. ಕಾಲರ್‌ಗಳು ಒಂದಕ್ಕೊಂದು ತಾಗಿ ಕೂರುತ್ತವೆ, ಓಪನ್ ಡೆಕ್ ಮುಚ್ಚಿದ ಡೆಕ್ ಆಗುತ್ತದೆ, ನೀರಿಗೆ ತೂತುಗಳೂ ಇರುತ್ತವೆ. ಬೆಳಗಾವಿಯ ಕೈಗಾರಿಕೆ ಪ್ರದೇಶ ಉದ್ಯಮಬಾಗದಲ್ಲಿ ಎಸ್‌ಜಿ ಅಂದರೆ ವಿವರಿಸಬೇಕಿಲ್ಲ. ಹೊರಗಿನವರಿಗೆ ಹೇಳುವುದಾದರೆ, ಕರಗಿದ ಕಬ್ಬಿಣಕ್ಕೆ ಮೆಗ್ನೀಸಿಯಂ ಸೇರಿಸಿದಾಗ ಒಳಗಿನ ಗ್ರಾಫೈಟ್ ಚಕ್ಕೆಯ ಬದಲು ಗುಂಡಗಾಗುತ್ತದೆ, ಬಿರುಕು ಹಬ್ಬಲು ದಾರಿ ಸಿಗುವುದಿಲ್ಲ. ಮಾಮೂಲಿ ಎರಕದ ಕಬ್ಬಿಣದ ಎಫ್‌ಜಿ 260 ಗ್ರೇಡ್ ತಡೆಯುವುದು 260 ಮೆಗಾಪಾಸ್ಕಲ್ ಎಳೆತ. ಎಸ್‌ಜಿ 500/7 ತಡೆಯುವುದು 500, ಅದರ ಮೇಲೆ ಮುರಿಯುವ ಮೊದಲು ನೂರಕ್ಕೆ 7ರಷ್ಟು ಹಿಗ್ಗುತ್ತದೆ ಕೂಡ.

ಖರ್ಚು ಗಾರ್ಡ್‌ನ ಹಲವು ಪಟ್ಟು, ಒಪ್ಪುತ್ತೇನೆ. ಕೆಲಸವೂ ನಾಜೂಕು. ಬ್ಲಾಕ್ ಕಾಯಿಸಿ, ಲೈನರ್ ತಣ್ಣಗೆ ಮಾಡಿ ಇಳಿಸಬೇಕು. ಕಾಲರ್ ಕೂರುವ ಮೆಟ್ಟಿಲು ನಾಲ್ಕೂ ಕಡೆ ಒಂದೇ ಆಳ ಇರಬೇಕು. ಒಂದು ಲೈನರ್ ಚೂರು ಕೆಳಗಿಳಿದರೂ ಗ್ಯಾಸ್ಕೆಟ್ ಸೋರುತ್ತದೆ. ಅದಕ್ಕೇ ಡೆಕ್ ಫೇಸಿಂಗ್ (ಬ್ಲಾಕಿನ ಮೇಲ್ಮೈ ಸಮ ಮಾಡುವುದು) ಯಾವಾಗಲೂ ಲೈನರ್ ಕೂರಿಸಿದ ಮೇಲೆ, ಮೊದಲಲ್ಲ. ಈಗ 250 ಹಾರ್ಸ್‌ಪವರ್ ಆಸುಪಾಸಿನಲ್ಲಿ, ಅದೇ ಚೋರ್ಲಾ ಘಾಟ್‌ನಲ್ಲಿ, ಟೈಮಿಂಗ್ ಹಿಂದಕ್ಕೆ ಎಳೆಯದೆ ಓಡುತ್ತಿದೆ.

ಇನ್ನು 150-160 ಹಾರ್ಸ್‌ಪವರ್‌ವರೆಗೆ ಸಾಕು ಅನ್ನುವವರು ಬ್ಲಾಕ್ ಮುಟ್ಟಲೇಬೇಡಿ. ಹೆಡ್ ಬಿಗಿಯಲು ಗಟ್ಟಿ ಸ್ಟಡ್, ಒಳ್ಳೆಯ ಟ್ಯೂನಿಂಗ್ ಮಾಡಿಸಿ. ನಾಕ್ ಹೊಡೆಯುವ ಎಂಜಿನ್‌ಗೆ ಯಾವ ಲೈನರೂ ಆಸರೆ ಆಗುವುದಿಲ್ಲ. ಎಂಜಿನ್ ಬದಲಾವಣೆಗೆ ಆರ್‌ಟಿಒ, ವಿಮೆ ಕಂಪನಿ ಏನು ಕೇಳುತ್ತವೆ ಅನ್ನುವುದನ್ನೂ ಕೆಲಸಕ್ಕೆ ಮೊದಲೇ ವಿಚಾರಿಸಿಕೊಳ್ಳಿ.

ಲೈನರ್ ಹಾಕಿಸುವವರು ಕಾರ್ಖಾನೆಯಲ್ಲಿ ಮೊದಲು ಕೇಳಬೇಕಾದ್ದು ಟಾರ್ಕ್ ಪ್ಲೇಟ್ ಇದೆಯಾ ಅಂತ. ಹೆಡ್ ಬೋಲ್ಟ್ ಬಿಗಿದಾಗ ಬೋರ್ ಸೊಟ್ಟಗಾಗುತ್ತದೆ. ಹೆಡ್ ಬದಲು ದಪ್ಪ ಪ್ಲೇಟನ್ನು ಅದೇ ಗ್ಯಾಸ್ಕೆಟ್, ಅದೇ ಟಾರ್ಕ್‌ನಲ್ಲಿ ಬಿಗಿದು ಹೋನಿಂಗ್ ಮಾಡಿದರೆ ಮಾತ್ರ ಎಂಜಿನ್ ಕಟ್ಟಿದ ಮೇಲೂ ದುಂಡು ಉಳಿಯುತ್ತದೆ. ನನ್ನ ಕೆಲಸ ಮಾಡಿದ ಮಿಸ್ತ್ರಿ ಮೊದಲೇ ಹೇಳಿದ್ದರು: 'ಪ್ಲೇಟ್ ತರ್ರೀ, ಆಮೇಲೆ ಬ್ಲಾಕ್ ತರ್ರೀ.' ಹೆಡ್ ಗ್ಯಾಸ್ಕೆಟ್ ಒಯ್ದು ಕೊಟ್ಟರೆ ಅದರ ತೂತಿನ ಅಳತೆಗೆ ಪ್ಲೇಟ್ ಮಾಡಿಕೊಡುವ ವಿಎಂಸಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ) ಮಷಿನ್‌ನವರು ಉದ್ಯಮಬಾಗ, ಮಚ್ಛೆ ಕಡೆ ಸಿಗುತ್ತಾರೆ.